ಶೇಕಡಾ ಲೆಕ್ಕದ ಹೊರಗೆ: ಭೀಮಾತೀರದ ಒಂದು ಪ್ರೌಢಶಾಲೆ ಮುಚ್ಚಿದ ಪ್ರಕರಣ

ವಿಜಯಪುರ ಜಿಲ್ಲೆಯ ಉತ್ತರ ಭಾಗದಲ್ಲಿ, ಭೀಮಾ ನದಿಯಿಂದ ಹೆಚ್ಚು ದೂರವಿಲ್ಲದ ಒಂದು ಹಳ್ಳಿಯ ಅನುದಾನಿತ ಕನ್ನಡ ಮಾಧ್ಯಮ ಪ್ರೌಢಶಾಲೆ, ಎಸ್ಸೆಸ್ಸೆಲ್ಸಿ ಫಲಿತಾಂಶ ಕಡಿಮೆಯಾಯಿತೆಂಬ ಕಾರಣಕ್ಕೆ ಮೊದಲು ವೇತನಾನುದಾನವನ್ನೂ ಆಮೇಲೆ ಮಕ್ಕಳನ್ನೂ ಕಳೆದುಕೊಂಡು ಮುಚ್ಚಿತು. ನಾನು ಆ ಶಾಲೆಯಲ್ಲಿ ನೌಕರಿ ಮಾಡಿದವನಲ್ಲ. ಇದೇ ಜಿಲ್ಲೆಯ ಬೇರೊಂದು ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದ ಮೇಲೆ, ಅಲ್ಲಿಯ ಮುಖ್ಯೋಪಾಧ್ಯಾಯರು ಹಳೆಯ ಪರಿಚಯದ ಸಲುಗೆಯಿಂದ ಕರೆದಿದ್ದರಿಂದ, ಶಾಲೆಯ ಕೊನೆಯ ಎರಡು ಚಳಿಗಾಲ ವಾರಕ್ಕೆ ಎರಡು ದಿನ ಹತ್ತನೆಯ ತರಗತಿಗೆ ಪಾಠ ಮಾಡಲು ಹೋಗುತ್ತಿದ್ದೆ. ಹೀಗಾಗಿ ಮುಚ್ಚುವ ಮೊದಲಿನ ದಿನಗಳನ್ನೂ ಮುಚ್ಚಿದ ನಂತರದ ದಿನಗಳನ್ನೂ ಹತ್ತಿರದಿಂದ ನೋಡುವುದಾಯಿತು.

ಊರು, ಸಂಸ್ಥೆ, ವ್ಯಕ್ತಿಗಳ ಹೆಸರನ್ನು ಇಲ್ಲಿ ಕೊಟ್ಟಿಲ್ಲ. ಗುರುತು ಸಿಗದಿರಲೆಂದು ಮಕ್ಕಳ ಸಂಖ್ಯೆಯಲ್ಲೂ ಅಲ್ಪಸ್ವಲ್ಪ ಬದಲಾವಣೆ ಮಾಡಿದ್ದೇನೆ, ಪ್ರಮಾಣ ಮಾತ್ರ ಕೆಡದಂತೆ ನೋಡಿಕೊಂಡಿದ್ದೇನೆ. ಈ ಪ್ರಕರಣದಿಂದ ನನಗೆ ಸ್ಪಷ್ಟವಾದ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಶಾಲೆ ಮುಚ್ಚಿದಾಗ ತಾಲ್ಲೂಕಿನ ಫಲಿತಾಂಶ ಪಟ್ಟಿಯಿಂದ ಒಂದು ಕಡಿಮೆ ಅಂಕಿ ಅಳಿಸಿಹೋಯಿತು, ಅದರ ಜೊತೆಗೆ ಒಂಬತ್ತು ಮಕ್ಕಳ ಹೆಸರೂ ಶಾಲೆಯ ಹಾಜರಿಯಿಂದ ಅಳಿಸಿಹೋಯಿತು. ಅಂಕಿ ಅಳಿದದ್ದು ಸುಧಾರಣೆಯಂತೆ ಕಾಣುತ್ತದೆ, ಮಕ್ಕಳ ಹೆಸರು ಅಳಿದದ್ದು ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ.

ಊರು ಮತ್ತು ಶಾಲೆ

ಮುಂಬೈ ಕರ್ನಾಟಕವೆಂದು ಕರೆಯುತ್ತಿದ್ದ ನಮ್ಮ ಭಾಗದಲ್ಲಿ ಪ್ರೌಢಶಿಕ್ಷಣವನ್ನು ಕಟ್ಟಿದ್ದು ಬಹುಮಟ್ಟಿಗೆ ಸಂಘಸಂಸ್ಥೆಗಳು. ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ 1906ರಲ್ಲಿ, ವಿಜಯಪುರದ ಬಿ.ಎಲ್.ಡಿ.ಇ. ಸಂಸ್ಥೆ 1910ರಲ್ಲಿ, ಬೆಳಗಾವಿಯ ಕೆ.ಎಲ್.ಇ. ಸಂಸ್ಥೆ 1916ರಲ್ಲಿ ಹುಟ್ಟಿದವು. ಈ ದೊಡ್ಡ ಸಂಸ್ಥೆಗಳನ್ನು ಕಂಡು ಹುರುಪುಗೊಂಡ ಹಳ್ಳಿಗಳ ಹಿರಿಯರು ಕೂಡಿ ಮುಂದಿನ ದಶಕಗಳಲ್ಲಿ ಸಣ್ಣ ಸಣ್ಣ ಸಂಘಗಳನ್ನು ಕಟ್ಟಿಕೊಂಡು, ಒಂದೊಂದೇ ಪ್ರೌಢಶಾಲೆ ತೆರೆದರು. ನಮ್ಮ ಪ್ರಕರಣದ ಶಾಲೆಯೂ ಅಂಥದ್ದೇ: ಒಂದು ರೈತ ಮನೆತನ ದಾನ ಕೊಟ್ಟ ಹೊಲ, ಊರವರು ಪಟ್ಟಿ ಎತ್ತಿ ಕಟ್ಟಿಸಿದ ನಾಲ್ಕು ಕೋಣೆ, ಅನುದಾನ ಬರುವವರೆಗೆ ಪಗಾರವಿಲ್ಲದೆ ದುಡಿದ ಮೊದಲ ತಲೆಮಾರಿನ ಶಿಕ್ಷಕರು.

ಶಾಲೆಗೆ ಬರುತ್ತಿದ್ದವರು ಆ ಊರಿನ ಮಕ್ಕಳು ಮತ್ತು ಸುತ್ತಲಿನ ಎರಡು ತಾಂಡಾಗಳ ಮಕ್ಕಳು. ದೀಪಾವಳಿ ಮುಗಿದ ಕೂಡಲೇ ತಾಂಡಾಗಳ ಅರ್ಧಕ್ಕಿಂತ ಹೆಚ್ಚು ಮನೆಗಳು ಕೂಲಿಗಳನ್ನು ಕರೆದೊಯ್ಯುವ ಮುಕಾದಮನಿಂದ ಮುಂಗಡ ಪಡೆದು, ಗ್ಯಾಂಗು ಕಟ್ಟಿಕೊಂಡು ಸಾಂಗಲಿ, ಕೊಲ್ಹಾಪುರ ಕಡೆಗೆ ಕಬ್ಬು ಕಡಿಯಲು ಹೊರಡುತ್ತವೆ. ಹೋಳಿ ಹುಣ್ಣಿಮೆ ಅಥವಾ ಯುಗಾದಿಯ ಹೊತ್ತಿಗೆ ಮರಳುತ್ತವೆ. ಎಂಟು, ಒಂಬತ್ತನೆಯ ತರಗತಿಯ ಮಕ್ಕಳಲ್ಲಿ ಕೆಲವರು ಅಜ್ಜಿಯ ಬಳಿ ಉಳಿಯುತ್ತಾರೆ, ಕೆಲವರು ತಂಗಿ ತಮ್ಮಂದಿರನ್ನು ನೋಡಿಕೊಳ್ಳಲು ಗ್ಯಾಂಗಿನ ಜೊತೆಯೇ ಹೋಗುತ್ತಾರೆ. ಹತ್ತನೆಯ ತರಗತಿಯ ಪರೀಕ್ಷೆ ಬರುವುದು ಮಾರ್ಚ್ ಕೊನೆಯಲ್ಲಿ. ಪಾಠ ಬಿಗಿಯಾಗಿ ನಡೆಯುವ ನಾಲ್ಕು ತಿಂಗಳೂ ಕಾರ್ಖಾನೆಗಳು ಕಬ್ಬು ನುರಿಸುವ ನಾಲ್ಕು ತಿಂಗಳೂ ಒಂದೇ.

ಮುಖ್ಯೋಪಾಧ್ಯಾಯರ ಕೋಣೆಯ ಗೋಡೆಗೆ ಒಂದು ಮರದ ಫಲಕವಿತ್ತು. ಕಪ್ಪು ಬಣ್ಣದ ಮೇಲೆ ಬಿಳಿ ಅಕ್ಷರದಲ್ಲಿ ವರ್ಷ, ಪರೀಕ್ಷೆಗೆ ಕುಳಿತವರು, ತೇರ್ಗಡೆಯಾದವರು, ಶೇಕಡಾ ಎಂಬ ನಾಲ್ಕು ಅಂಕಣಗಳು. ಹಳೆಯ ಸಾಲುಗಳನ್ನು ಪೇಂಟರ್ ಬರೆದಿದ್ದ, ಅಕ್ಷರ ದುಂಡಗಿದ್ದವು. ಕೊನೆಯ ಏಳೆಂಟು ಸಾಲುಗಳನ್ನು ಜವಾನನೇ ಬರೆದಿದ್ದು, ಅಂಕಿಗಳು ಒಂದಕ್ಕೊಂದು ಒತ್ತಿಕೊಂಡಿದ್ದವು. ಆ ಫಲಕದ ಪ್ರಕಾರ ಒಂದು ಕಾಲದಲ್ಲಿ ಐವತ್ತಕ್ಕೂ ಹೆಚ್ಚು ಮಕ್ಕಳು ಪರೀಕ್ಷೆಗೆ ಕುಳಿತು ಮುಕ್ಕಾಲು ಪಾಲು ಪಾಸಾಗುತ್ತಿದ್ದರು. ಕುಳಿತವರ ಸಂಖ್ಯೆ ಇಳಿಯತೊಡಗಿದ ಎರಡು ಮೂರು ವರ್ಷಗಳ ನಂತರ ಶೇಕಡಾವಾರು ಇಳಿಯತೊಡಗಿದ್ದನ್ನು ಯಾರು ಬೇಕಾದರೂ ಅದರಲ್ಲಿ ಓದಬಹುದಿತ್ತು.

ಖಾಲಿ ಹುದ್ದೆಯಿಂದ ನೋಟಿಸಿನವರೆಗೆ

ಇಳಿತಕ್ಕೆ ಮೂರು ಕಾರಣ ಒಂದರ ಹಿಂದೊಂದು ಬಂದವು. ನವೋದಯ, ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚನ್ನಮ್ಮ ವಸತಿ ಶಾಲೆಗಳು ಪ್ರವೇಶ ಪರೀಕ್ಷೆಯ ಮೂಲಕ ಆರನೆಯ ತರಗತಿಗೇ ಚುರುಕು ಮಕ್ಕಳನ್ನು ಆರಿಸಿಕೊಳ್ಳುತ್ತವೆ. ಆ ಮಕ್ಕಳಿಗೆ ಅದರಿಂದ ಒಳ್ಳೆಯದಾಗಿದೆ, ಅದರ ಬಗ್ಗೆ ತಕರಾರಿಲ್ಲ. ಉಳ್ಳವರ ಮಕ್ಕಳು ತಾಲ್ಲೂಕು ಕೇಂದ್ರದ ಇಂಗ್ಲಿಷ್ ಮಾಧ್ಯಮ ಶಾಲೆಗಳ ಹಳದಿ ವ್ಯಾನು ಹತ್ತಿದರು. ಎಂಟನೆಯ ತರಗತಿಗೆ ಬಂದು ಸೇರುವ ಹೊತ್ತಿಗೆ ಊರಿನಲ್ಲಿ ಉಳಿದವರು, ಬೇರೆಲ್ಲಿಗೂ ಹೋಗಲಾರದ ಮಕ್ಕಳು. ಅದೇ ಹೊತ್ತಿಗೆ ಗಣಿತ ಶಿಕ್ಷಕರು ನಿವೃತ್ತರಾದರು.

ಅನುದಾನಿತ ಶಾಲೆಯಲ್ಲಿ ಹುದ್ದೆ ತೆರವಾದರೆ ಆಡಳಿತ ಮಂಡಳಿ ತಾನಾಗಿ ತುಂಬಲು ಬರುವುದಿಲ್ಲ. ಸರ್ಕಾರದ ಅನುಮತಿ ಬೇಕು, ಅದಕ್ಕೆ ಆರ್ಥಿಕ ಇಲಾಖೆಯ ಸಹಮತಿ ಬೇಕು. ಪ್ರಸ್ತಾವನೆ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಯಿಂದ ಉಪನಿರ್ದೇಶಕರ ಕಚೇರಿಗೆ, ಅಲ್ಲಿಂದ ಧಾರವಾಡದ ಅಪರ ಆಯುಕ್ತರ ಕಚೇರಿಗೆ ಹೋಗಿ, ಆಕ್ಷೇಪಣೆಯೊಂದಿಗೆ ಹೊರಳಿ ಬಂದು, ಮತ್ತೆ ಹೋಗುವುದರಲ್ಲಿ ವರ್ಷಗಳು ಉರುಳಿದವು. ಸಂಘದವರು ತಿಂಗಳಿಗೆ ಕೆಲವು ಸಾವಿರ ಗೌರವಧನ ಕೊಟ್ಟು ಬಿ.ಇಡಿ. ಮುಗಿಸಿದ ಯುವಕರನ್ನು ನೇಮಿಸಿಕೊಂಡರು. ಒಬ್ಬರು ಸರ್ಕಾರಿ ನೌಕರಿ ಸಿಕ್ಕಿ ಹೋದರು, ಇನ್ನೊಬ್ಬರು ಗೌರವಧನ ಸಕಾಲಕ್ಕೆ ಬಾರದೆ ಬಿಟ್ಟರು. ನಡುವಿನ ತಿಂಗಳುಗಳಲ್ಲಿ ಜೀವಶಾಸ್ತ್ರದ ಶಿಕ್ಷಕಿಯೇ ಗಣಿತ ತೆಗೆದುಕೊಂಡರು. ಅವರು ನಿಷ್ಠೆಯಿಂದ ಮಾಡಿದರೆಂಬುದಕ್ಕೆ ನಾನು ಸಾಕ್ಷಿ. ಆದರೆ ತ್ರಿಕೋನಮಿತಿಯ ಪಾಠವನ್ನು ಮನೆಯಲ್ಲಿ ರಾತ್ರಿ ತಾವೇ ಮೊದಲು ಕಲಿತು, ಬೆಳಗಾದರೆ ಮಕ್ಕಳಿಗೆ ಹೇಳಬೇಕಾದ ಸ್ಥಿತಿ ಅವರದು.

ಮಕ್ಕಳಿಗೆ ಲೆಕ್ಕ ಬಾರದೆಂಬ ಮಾತು ಶಿಕ್ಷಕರ ಕೋಣೆಯಲ್ಲಿ ಆಗಾಗ ಕೇಳುತ್ತಿತ್ತು. ನನ್ನ ಅನುಭವ ಬೇರೆ. ತಾಂಡಾದ ಒಬ್ಬ ಹುಡುಗ ರೇಖಾತ್ಮಕ ಸಮೀಕರಣವೆಂದರೆ ತಲೆ ತಗ್ಗಿಸಿ ಕೂರುತ್ತಿದ್ದ. ಒಂದು ದಿನ ಪುಸ್ತಕ ಮುಚ್ಚಿಸಿ, ಟನ್ನಿಗೆ 300 ರೂಪಾಯಿಯಂತೆ 13 ಟನ್ 8 ಕ್ವಿಂಟಲ್ ಕಬ್ಬು ಕಡಿದರೆ ಎಷ್ಟು ಬರುತ್ತದೆಂದು ಕೇಳಿದೆ. ಬಾಯಿಲೆಕ್ಕದಲ್ಲೇ 4,140 ಎಂದ. ಮುಂಗಡದಲ್ಲಿ ಎಷ್ಟು ಮುರಿದುಕೊಂಡರೆ ಎಷ್ಟು ಉಳಿಯುತ್ತದೆಂದು ಕೇಳಿದಾಗ, ತಿಳಿಯದ ಮೊತ್ತವನ್ನು ಹಿಂದಿನಿಂದ ಬಿಡಿಸಿಕೊಂಡು ಬಂದ. ಅದೇ ಸಮೀಕರಣವೆಂದು ಹಲಗೆಯ ಮೇಲೆ ಬರೆದು ತೋರಿಸಲು ಎರಡು ತಾಸು ಬೇಕಾಯಿತು. ಇಂಥ ಎರಡೆರಡು ತಾಸುಗಳು ಆ ಮಕ್ಕಳಿಗೆ ಎಂಟನೆಯ ತರಗತಿಯಿಂದಲೇ ಸಿಕ್ಕಿದ್ದರೆ ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

2024ರ ಪರೀಕ್ಷೆಯಲ್ಲಿ ಕೊಠಡಿಗಳಿಗೆ ಸಿಸಿಟಿವಿ ಹಾಕಿ ವೆಬ್‌ಕಾಸ್ಟಿಂಗ್ ಮಾಡಲಾಯಿತು. ಕೃಪಾಂಕದ ಪ್ರಮಾಣವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದ ಮೇಲೂ, ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಒಂದೇ ಪರೀಕ್ಷೆಯಲ್ಲಿ ಉಡುಪಿ ಶೇ 94 ಪಡೆದರೆ ಯಾದಗಿರಿ ಶೇ 50.59 ಪಡೆಯಿತು. ನಕಲು ನಿಂತಿದ್ದು ಒಳ್ಳೆಯದೇ. ನಿಜವಾದ ಕಲಿಕೆಯ ಮಟ್ಟ ಗೊತ್ತಾಗಲು ಅದು ಬೇಕಿತ್ತು. ಆದರೆ ಇಡೀ ರಾಜ್ಯದ ಮಟ್ಟ ಹೀಗೆ ಬಯಲಾದ ವರ್ಷವೇ ಈ ಸಣ್ಣ ಶಾಲೆಯ ಕೊನೆಯ ಲೆಕ್ಕವೂ ಆಯಿತು. 16 ಮಕ್ಕಳು ಕುಳಿತು 7 ಮಕ್ಕಳು ಪಾಸಾದರು. ಅದಕ್ಕೂ ಹಿಂದಿನ ವರ್ಷಗಳ ಫಲಿತಾಂಶವೂ ಸೇರಿ, ಅನುದಾನದ ಷರತ್ತಿನಂತೆ ನಿಗದಿತ ಮಟ್ಟ ಕಾಯ್ದುಕೊಂಡಿಲ್ಲವೆಂದು ಕಾರಣ ಕೇಳುವ ನೋಟಿಸು ಬಂತು. ಸಮಜಾಯಿಷಿಯಲ್ಲಿ ಮುಖ್ಯೋಪಾಧ್ಯಾಯರು ಗಣಿತದ ಹುದ್ದೆ ಖಾಲಿ ಇರುವುದನ್ನು ಮೊದಲ ಸಾಲಿನಲ್ಲೇ ಬರೆದರು. ಅದೇ ಹುದ್ದೆ ತುಂಬಲು ಅವರು ಬರೆದಿದ್ದ ಪತ್ರಗಳ ಪ್ರತಿಗಳನ್ನೂ ಲಗತ್ತಿಸಿದರು. ಮಳೆಗಾಲ ಮುಗಿಯುವುದರೊಳಗೆ ವೇತನಾನುದಾನ ತಡೆಹಿಡಿಯಲಾಯಿತು.

ಹದಿನಾರು ಮಕ್ಕಳ ಗಣಿತ

16ರಲ್ಲಿ 7 ಎಂದರೆ ಶೇ 43.75. ಒಂದು ಮಗುವಿನ ಬೆಲೆ ಶೇ 6.25. ಇನ್ನೊಬ್ಬರು ಪಾಸಾಗಿದ್ದರೆ ಸರಿಯಾಗಿ ಶೇ 50, ಇನ್ನಿಬ್ಬರಾಗಿದ್ದರೆ ಶೇ 56.25. 200 ಮಕ್ಕಳು ಕೂರುವ ಶಾಲೆಯಲ್ಲಿ ಒಂದು ಮಗು ಜ್ವರ ಬಂದು ನಪಾಸಾದರೆ ಫಲಿತಾಂಶ ಕದಲುವುದು ಶೇ 0.5. ಎರಡೂ ಶಾಲೆಗಳನ್ನು ಒಂದೇ ಗೆರೆಯ ಮೇಲೆ ನಿಲ್ಲಿಸಿ ಅಳೆಯುವುದು ಗಣಿತದ ದೃಷ್ಟಿಯಿಂದಲೇ ತಪ್ಪು. ಸಣ್ಣ ಸಂಖ್ಯೆಯ ಶೇಕಡಾವಾರು ಶಿಕ್ಷಕರ ಯೋಗ್ಯತೆಗಿಂತ ಹೆಚ್ಚಾಗಿ ಆ ವರ್ಷ ಯಾರು ಬಂದು ಕುಳಿತರು ಎಂಬುದನ್ನು ಹೇಳುತ್ತದೆ.

ಯಾರು ಕುಳಿತರು ಎಂಬುದನ್ನು ಶಾಲೆ ಬಯಸಿದರೆ ಬದಲಾಯಿಸಬಹುದು ಎನ್ನುವುದು ಇನ್ನೂ ಗಂಭೀರವಾದ ಮಾತು. ಒಂಬತ್ತನೆಯ ತರಗತಿಯ ಕೊನೆಗೆ ಪಾಲಕರನ್ನು ಕರೆಸಿ, ‘ಇವನ ಕೈಲಿ ಹತ್ತನೇತ್ತೆ ಆಗೂದಿಲ್ರಿ, ಟಿಸಿ ಒಯ್ದುಬಿಡ್ರಿ’ ಎಂದು ಹೇಳಿ ದುರ್ಬಲ ಮಕ್ಕಳನ್ನು ಹೊರಗೆ ಕಳಿಸುವ ರೂಢಿ ನಮ್ಮ ಭಾಗದಲ್ಲಿ ಎಲ್ಲರಿಗೂ ಗೊತ್ತಿರುವುದೇ. ಈ ಶಾಲೆ ಆ 16ರಲ್ಲಿ ಆರು ಮಕ್ಕಳಿಗೆ ಹಾಗೆ ಟಿಸಿ ಕೊಟ್ಟಿದ್ದರೆ 10ರಲ್ಲಿ 7, ಅಂದರೆ ಶೇ 70 ಆಗುತ್ತಿತ್ತು. ಅನುದಾನ ಉಳಿಯುತ್ತಿತ್ತು, ಬಹುಶಃ ಅಭಿನಂದನೆಯ ಪತ್ರವೂ ಬರುತ್ತಿತ್ತು. ಮುಖ್ಯೋಪಾಧ್ಯಾಯರಿಗೆ ಈ ಸಲಹೆಯನ್ನು ಹಿತೈಷಿಗಳು ಕೊಟ್ಟಿದ್ದರು. ಅವರು ಒಪ್ಪಲಿಲ್ಲ. ಅನುತ್ತೀರ್ಣರಾದ ಒಂಬತ್ತು ಮಕ್ಕಳಲ್ಲಿ ಐವರು ಕಬ್ಬಿನ ಹಂಗಾಮಿನಲ್ಲಿ ಎರಡು ತಿಂಗಳಾದರೂ ಶಾಲೆ ತಪ್ಪಿಸಿದವರು. ಅವರನ್ನು ಸಾಂಗಲಿಯ ಅಡ್ಡೆಗಳಿಂದ ಫೋನ್ ಮಾಡಿ, ಮುಕಾದಮನ ಕೈಕಾಲು ಹಿಡಿದು ಫೆಬ್ರವರಿಯಲ್ಲಿ ವಾಪಸು ಕರೆಸಿಕೊಂಡು ಪರೀಕ್ಷೆಗೆ ಕೂರಿಸಿದ್ದೇ ಶಾಲೆ ಮಾಡಿದ ಕೆಲಸ. ಅಳತೆಗೋಲು ಆ ಕೆಲಸವನ್ನೇ ಶಾಲೆಯ ವಿರುದ್ಧ ಎಣಿಸಿತು.

2024ರಲ್ಲಿ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳಿದ್ದವು. ಜೂನ್‌ನಲ್ಲಿ ನಡೆದ ಎರಡನೆಯ ಪರೀಕ್ಷೆಯಲ್ಲಿ ಆ ಒಂಬತ್ತರಲ್ಲಿ ನಾಲ್ವರು ಪಾಸಾದರು. ಅವರನ್ನು ಕೂಡಿಸಿದರೆ 16ರಲ್ಲಿ 11, ಶೇ 68.75. ನೋಟಿಸಿನಲ್ಲಿ ಇದ್ದದ್ದು ಮೊದಲ ಪರೀಕ್ಷೆಯ ಅಂಕಿ ಮಾತ್ರ. ಮೊದಲ ಸಲ ಗಣಿತದಲ್ಲಿ ಕೃಪಾಂಕವೂ ಕೈಹಿಡಿಯದಷ್ಟು ಕಡಿಮೆ ಪಡೆದಿದ್ದ, ಕಬ್ಬಿನ ಲೆಕ್ಕ ಹೇಳಿದ ಆ ಹುಡುಗನೂ ನಾಲ್ವರಲ್ಲಿ ಒಬ್ಬ. ಶ್ರಾವಣದ ಒಂದು ಸೋಮವಾರ, ಪಗಾರ ನಿಂತ ಸುದ್ದಿ ಊರೆಲ್ಲ ಹಬ್ಬಿದ ಮೇಲೆ, ಶಾಲೆಯ ಗೇಟಿನ ಹತ್ತಿರ ನನಗಾಗಿ ಕಾಯುತ್ತಿದ್ದ. ‘ಸರ, ನಾ ಈಗ ಪಾಸಾಗೀನ್ರಿ. ಇದನ್ನ ಕೂಡಿಸಿ ಹೊಳ್ಳಿ ಲೆಕ್ಕಾ ಮಾಡಿದ್ರ ಸಾಲಿ ಉಳಿಯೂದಿಲ್ಲೇನ್ರಿ?’ ಎಂದ. ಶಾಲೆಗೆ ಬಂದ ಕುತ್ತು ತನ್ನಿಂದ ಬಂತೆಂದು ಅವನು ಎರಡು ತಿಂಗಳು ನಂಬಿಕೊಂಡಿದ್ದ. ಹಾಗಲ್ಲಪ್ಪಾ ಎಂದು ಹೇಳಲು ನನಗೆ ಹೊತ್ತು ಹಿಡಿಯಿತು. ಏಕೆಂದರೆ ಒಬ್ಬ ಹೆಚ್ಚು ಪಾಸಾಗಿದ್ದರೆ ಐವತ್ತಾಗುತ್ತಿತ್ತೆಂಬ ಲೆಕ್ಕ ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮಕ್ಕಳು ಎಲ್ಲಿಗೆ ಹೋದರು

ಮುಚ್ಚುವ ನಿರ್ಧಾರ ಅಧಿಕೃತವಾಗುವ ಮೊದಲೇ ಶಾಲೆ ಬರಿದಾಗತೊಡಗಿತ್ತು. ನೋಟಿಸಿನ ಸುದ್ದಿ ತಿಳಿದ ವರ್ಷ ಎಂಟನೆಯ ತರಗತಿಗೆ ಸೇರಿದವರು 12 ಮಕ್ಕಳು. ಒಂಬತ್ತನೆಯ ತರಗತಿಯಲ್ಲಿ 19 ಮಕ್ಕಳಿದ್ದರು. ಮುಂದಿನ ಬೇಸಿಗೆಯಲ್ಲಿ ಹತ್ತನೆಯ ತರಗತಿಯವರ ಪರೀಕ್ಷೆ ಮುಗಿದ ಮೇಲೆ ಈ 31 ಮಕ್ಕಳ ಕೈಗೆ ಟಿಸಿ ಬಂತು.

ಅವರಲ್ಲಿ 14 ಮಕ್ಕಳು ಎಂಟು ಕಿಲೋಮೀಟರ್ ದೂರದ ಸರ್ಕಾರಿ ಪ್ರೌಢಶಾಲೆಗೆ ಸೇರಿದರು. ಐವರು ತಾಲ್ಲೂಕು ಕೇಂದ್ರದ ಖಾಸಗಿ ಶಾಲೆಗೆ ಹೋದರು, ಅವರೆಲ್ಲ ಹೊಲಮನೆ ಇದ್ದವರ ಮಕ್ಕಳು. ಮೂವರು ಸೋದರಮಾವನ ಮನೆ, ಹಾಸ್ಟೆಲ್ ಎಂದು ಬೇರೆ ಊರು ಸೇರಿದರು. ಉಳಿದ ಒಂಬತ್ತು ಮಕ್ಕಳು, ಆರು ಹುಡುಗಿಯರು ಮತ್ತು ಮೂವರು ಹುಡುಗರು, ಜುಲೈ ತಿಂಗಳಾದರೂ ಯಾವ ಶಾಲೆಯ ಹಾಜರಿಯಲ್ಲೂ ಇರಲಿಲ್ಲ.

ಎಂಟು ಕಿಲೋಮೀಟರ್ ನಕ್ಷೆಯಲ್ಲಿ ದೂರವೇನಲ್ಲ. ರಾತ್ರಿ ಊರಲ್ಲೇ ತಂಗುವ ವಸ್ತಿ ಬಸ್ಸು ಬೆಳಗಿನ ಆರಕ್ಕೇ ಹೊರಟುಬಿಡುತ್ತದೆ. ಮುಂದಿನ ಬಸ್ಸು ಬರುವಾಗಲೇ ಬಾಗಿಲಿನವರೆಗೆ ತುಂಬಿರುತ್ತದೆ. ಇಳಿದ ಮೇಲೆ ಸರ್ಕಾರಿ ಶಾಲೆಗೆ ಇನ್ನೂ ಎರಡು ಕಿಲೋಮೀಟರ್ ನಡೆಯಬೇಕು. ಸಂಜೆ ಶಾಲೆ ಬಿಟ್ಟ ಮೇಲೆ ಬಸ್ಸಿಗೆ ಒಂದೂವರೆ ತಾಸು ಕಾಯಬೇಕು, ಇಲ್ಲವೆ ಟಂಟಂ ಆಟೊ ಹಿಡಿಯಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸಿನ ಪ್ರಯಾಣ ಉಚಿತ. ಟಂಟಂಗೆ ಮಾತ್ರ ದಿನಕ್ಕೆ ದುಡ್ಡು ಬೇಕು. ತಾಂಡಾದ ತಾಯಂದಿರು ನನ್ನೆದುರು ದುಡ್ಡಿನ ಮಾತಿಗಿಂತ ಹೆಚ್ಚಾಗಿ ಆಡಿದ್ದು ಆ ಒಂದೂವರೆ ತಾಸಿನ ಮಾತು. ಕತ್ತಲಾಗುವ ಹೊತ್ತಿಗೆ, ಬೇರೆ ಊರಿನ ಕ್ರಾಸಿನಲ್ಲಿ, ಬೆಳೆದ ಹುಡುಗಿ ನಿಲ್ಲಬೇಕೆನ್ನುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಹಳೆಯ ಶಾಲೆ ತಾಂಡಾದಿಂದ ಕಾಣುತ್ತಿತ್ತು. ಮಧ್ಯಾಹ್ನ ಊಟದ ಗಂಟೆ ಹೊಡೆದರೆ ಮನೆಗೆ ಕೇಳುತ್ತಿತ್ತು.

ಕಾನೂನು ಇಲ್ಲಿ ಅರ್ಧ ದಾರಿಗೆ ನಿಲ್ಲುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರೆಗೆ, ಎಂಟನೆಯ ತರಗತಿಯವರೆಗೆ ನೆರೆಹೊರೆಯ ಶಾಲೆಯನ್ನು ಹಕ್ಕಾಗಿ ಕೊಡುತ್ತದೆ. ಕರ್ನಾಟಕದ ನಿಯಮಗಳಲ್ಲಿ ಹಿರಿಯ ಪ್ರಾಥಮಿಕಕ್ಕೆ ಮೂರು ಕಿಲೋಮೀಟರ್ ಮಿತಿ ಇದೆ. ಒಂಬತ್ತನೆಯ ತರಗತಿಗೆ ಕಾಲಿಟ್ಟ ಮಗುವಿಗೆ ಆ ಹಕ್ಕಿಲ್ಲ. ಅದೇ 2009ರಲ್ಲಿ ಬಂದ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನ ಐದು ಕಿಲೋಮೀಟರಿನೊಳಗೆ ಒಂದು ಪ್ರೌಢಶಾಲೆ ಎಂಬ ಗುರಿ ಇಟ್ಟುಕೊಂಡಿತ್ತು. ಗುರಿಯನ್ನು ತೋರಿಸಿ ಕಚೇರಿಯಲ್ಲಿ ಕೇಳಬಹುದು, ಹಕ್ಕೆಂದು ನ್ಯಾಯಾಲಯದಲ್ಲಿ ಕೇಳಲಾಗದು. ಈ ಶಾಲೆ ಮುಚ್ಚಿದ ಮೇಲೆ ಆ ಸುತ್ತಿನಲ್ಲಿ ಐದು ಕಿಲೋಮೀಟರಿನೊಳಗೆ ಪ್ರೌಢಶಾಲೆ ಉಳಿಯಲಿಲ್ಲ.

ಸರ್ಕಾರಿ ಶಾಲೆ ಸೇರಿದ 14 ಮಕ್ಕಳ ಪಾಡೂ ಸುಲಭವಾಗಿರಲಿಲ್ಲ. ಅಲ್ಲಿಯ ಕೋಣೆಗಳು ಮೊದಲೇ ತುಂಬಿದ್ದವು. ಅಲ್ಲಿಯ ಶಿಕ್ಷಕರೂ ಅದೇ ಅಳತೆಗೋಲಿನ ಕೆಳಗೆ ದುಡಿಯುವವರಾದ್ದರಿಂದ, ‘ಮುಚ್ಚಿದ ಶಾಲೆಯ ಮಕ್ಕಳು’ ಬಂದು ತಮ್ಮ ಫಲಿತಾಂಶವನ್ನು ಇಳಿಸುತ್ತಾರೆಂಬ ಆತಂಕ ಅವರಿಗಿತ್ತು. ಆ ಆತಂಕ ಮಾತಿನಲ್ಲಿ ಇಣುಕುತ್ತಿತ್ತು, ಮಕ್ಕಳ ಕಿವಿಗೆ ಬೀಳುತ್ತಿತ್ತು. ಹೋಮ್‌ವರ್ಕ್ ಮಾಡದ ದಿನ ಬೇರೆ ಮಕ್ಕಳಿಗೆ ಹೆಸರು ಹಿಡಿದು ಬೈಗುಳವಾದರೆ ಇವರಿಗೆ ಊರಿನ ಹೆಸರು ಹಿಡಿದು ಆಗುತ್ತಿತ್ತು. ಮೊದಲ ಕಿರುಪರೀಕ್ಷೆಯ ಹೊತ್ತಿಗೆ ಇಬ್ಬರು ಬರುವುದನ್ನು ಕಡಿಮೆ ಮಾಡಿದರು.

ಹೊರಗುಳಿದ ಆರು ಹುಡುಗಿಯರಲ್ಲಿ ಇಬ್ಬರ ಮದುವೆಯ ಮಾತು ಆ ಮಳೆಗಾಲದಲ್ಲೇ ಎದ್ದಿತು. ಬಾಲ್ಯವಿವಾಹ ನಿಷೇಧ ಕಾಯ್ದೆ 2006ರಿಂದ ಇದೆ, ಎಲ್ಲರಿಗೂ ಗೊತ್ತಿದೆ. ಆದರೆ ನಿತ್ಯವೂ ಶಾಲೆಗೆ ಹೋಗುತ್ತಿರುವ ಹುಡುಗಿಯ ಮದುವೆಯನ್ನು ಯಾರಾದರೂ ತಡೆಯಬಲ್ಲವರಿದ್ದರೆ ಅದು ಹಾಜರಿ ಕರೆಯುವ ಶಿಕ್ಷಕಿ. ಎರಡು ದಿನ ಬರದಿದ್ದರೆ ಮನೆಗೆ ಹೋಗಿ ವಿಚಾರಿಸುವವರು ಅವರೇ. ಹಾಜರಿಯೇ ಇಲ್ಲದ ಮೇಲೆ ಗೈರುಹಾಜರಿಯನ್ನು ಯಾರು ಗಮನಿಸಬೇಕು? ಜೀವಶಾಸ್ತ್ರದ ಶಿಕ್ಷಕಿ ನಿಯೋಜನೆಯ ಮೇಲೆ ಬೇರೆ ಊರಿಗೆ ಹೋಗಿದ್ದರೂ ಸುದ್ದಿ ತಿಳಿದು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರು, ಒಂದು ಮದುವೆ ನಿಂತಿತು.

ಇನ್ನೊಂದು ತೊಂದರೆ ಯಾರ ಲಕ್ಷ್ಯಕ್ಕೂ ಬಾರದ್ದು. ಗ್ರಾಮೀಣ ಮೀಸಲಾತಿಗೆ, ಕನ್ನಡ ಮಾಧ್ಯಮದ ಮೀಸಲಾತಿಗೆ ವ್ಯಾಸಂಗ ಪ್ರಮಾಣಪತ್ರ ಬೇಕು. ಅದಕ್ಕೆ ಮುಖ್ಯೋಪಾಧ್ಯಾಯರ ಸಹಿ, ಬಿಇಒ ಮೇಲುಸಹಿ ಬೇಕು. ಈ ಶಾಲೆಯಲ್ಲಿ ಓದಿ ಹೋದ ಹಲವು ವರ್ಷಗಳ ಮಕ್ಕಳು ಈಗ ನೌಕರಿಗೆ ಅರ್ಜಿ ಹಾಕುವ ವಯಸ್ಸಿನವರು. ದಾಖಲಾತಿ ಪುಸ್ತಕಗಳೂ ಡೆಡ್‌ಸ್ಟಾಕ್ ರಿಜಿಸ್ಟರೂ ಗಂಟು ಕಟ್ಟಿ ಕಚೇರಿ ಸೇರಿವೆ. ಸಹಿ ಮಾಡುವ ಮುಖ್ಯೋಪಾಧ್ಯಾಯರಿಲ್ಲದ ಶಾಲೆಯ ಪ್ರಮಾಣಪತ್ರಕ್ಕಾಗಿ ಒಬ್ಬ ಯುವಕ ಮೂರು ಸಲ ಕಚೇರಿಗೆ ಅಲೆದದ್ದನ್ನು ನಾನೇ ನೋಡಿದ್ದೇನೆ.

ಶಿಕ್ಷಕರು

ಮುಖ್ಯೋಪಾಧ್ಯಾಯರೂ ಸೇರಿ ಆರು ಶಿಕ್ಷಕರು, ಒಬ್ಬ ಗುಮಾಸ್ತ, ಒಬ್ಬ ಜವಾನ. ವೇತನ ನಿಂತ ಮೊದಲ ತಿಂಗಳು ಎಲ್ಲರೂ ಧೈರ್ಯದಿಂದಲೇ ಇದ್ದರು. ಮೂರನೆಯ ತಿಂಗಳಿಗೆ ಇಂಗ್ಲಿಷ್ ಶಿಕ್ಷಕರ ಮನೆಸಾಲದ ಕಂತು ತಪ್ಪಿ ಬ್ಯಾಂಕಿನಿಂದ ಫೋನ್ ಬರತೊಡಗಿತು. ಶಿಕ್ಷಕರ ಪತ್ತಿನ ಸಹಕಾರಿ ಸಂಘದಲ್ಲಿ ಒಬ್ಬರಿಗೊಬ್ಬರು ಜಾಮೀನು ನಿಂತಿದ್ದರಿಂದ ಒಬ್ಬರ ಸಾಲ ಇನ್ನೊಬ್ಬರ ಕುತ್ತಿಗೆಗೆ ಬಂತು. ಹೀಗಿದ್ದೂ ಆ ವರ್ಷ ರಾತ್ರಿ ಓದು ನಿಲ್ಲಲಿಲ್ಲ. ಚಳಿಗಾಲದಲ್ಲಿ ಸಂಜೆ ಏಳರಿಂದ ಒಂಬತ್ತರವರೆಗೆ ಹತ್ತನೆಯ ತರಗತಿಯ ಮಕ್ಕಳನ್ನು ಕೂರಿಸಿಕೊಂಡು, ಇಲಾಖೆಯ ‘ಪಾಸಿಂಗ್ ಪ್ಯಾಕೇಜ್’ ಪುಸ್ತಿಕೆಯ ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಜವಾನ ಮನೆಯಿಂದ ಚಹಾ ತರುತ್ತಿದ್ದ.

ಬಾಯಿಪಾಠ ಮಾಡಿಸುವುದು ಅವರಿಗೆ ಸಮಾಧಾನದ ಕೆಲಸವಾಗಿರಲಿಲ್ಲ. ಇಪ್ಪತ್ತು ವರ್ಷ ಪ್ರಯೋಗಗಳನ್ನು ತೋರಿಸಿ ಪಾಠ ಮಾಡಿದ ಶಿಕ್ಷಕಿ, ಈಗ ಚಿತ್ರ ಬಿಡಿಸಿ ಭಾಗ ಗುರುತಿಸುವ ನಾಲ್ಕು ಪ್ರಶ್ನೆಗಳನ್ನೇ ನಲವತ್ತು ಸಲ ಬರೆಯಿಸಬೇಕಾಯಿತು. ಕಲಿಸುವುದಕ್ಕೂ ದಾಟಿಸುವುದಕ್ಕೂ ಇರುವ ವ್ಯತ್ಯಾಸ ಅವರಿಗೆ ಗೊತ್ತಿದ್ದರಿಂದಲೇ ನೋವು ಹೆಚ್ಚಿತ್ತು. ಅಳತೆಗೋಲು ಬಿಗಿಯಾದಂತೆ ಪಾಠ ಇಕ್ಕಟ್ಟಾಗುತ್ತದೆ ಎನ್ನುವುದನ್ನು ನಾನು ಅಲ್ಲಿ ಕಣ್ಣಾರೆ ಕಂಡೆ.

ಶಾಲೆ ಮುಚ್ಚಿದ ಮೇಲೆ ಶಿಕ್ಷಕರನ್ನು ‘ಹೆಚ್ಚುವರಿ’ ಎಂದು ಗುರುತಿಸಿ ಬೇರೆ ಶಾಲೆಗಳಿಗೆ ನಿಯೋಜಿಸಲಾಯಿತು. ಬಾಕಿ ವೇತನ ಕಂತುಗಳಲ್ಲಿ ಬರತೊಡಗಿತು. ಊಟದ ಚಿಂತೆ ತಪ್ಪಿತೆಂದು ಹೇಳಬಹುದು. ತಪ್ಪದೆ ಉಳಿದದ್ದು ಹೆಸರಿಗೆ ಅಂಟಿದ ಕಳಂಕ. ಹೊಸ ಶಾಲೆಯ ಸಹೋದ್ಯೋಗಿಗಳು ಮೊದಲ ದಿನ ಕೇಳಿದ್ದು, ‘ನಿಮ್ಮದು ಎಷ್ಟು ಪರ್ಸೆಂಟ್ ಆಗಿತ್ತು?’ ಎಂದು. ಹಿಂದಿ ಶಿಕ್ಷಕರ ವಿಷಯದಲ್ಲಿ ಆ ಶಾಲೆಯ ಮಕ್ಕಳು ಒಬ್ಬರೂ ನಪಾಸಾದವರಲ್ಲ. ಅವರಿಗೂ ಅದೇ ಪ್ರಶ್ನೆ. ಇಬ್ಬರು ಶಿಕ್ಷಕರು 2006ರ ಏಪ್ರಿಲ್ ನಂತರ ನೇಮಕವಾದವರು, ಹಳೆಯ ಪಿಂಚಣಿಗೆ ಸೇರದವರು. ಅವರ ಭಯ ವರ್ತಮಾನಕ್ಕಿಂತ ಮುಂದಿನದು. ಗುಮಾಸ್ತನಿಗೂ ಜವಾನನಿಗೂ ಸ್ಥಳ ತೋರಿಸುವುದು ಎಲ್ಲರಿಗಿಂತ ತಡವಾಯಿತು.

ಬೇರೆಡೆಯ ಅನುಭವ, ಇಲ್ಲಿಯ ದಾರಿ

ಅಂಕಿಗಳ ಆಧಾರದ ಮೇಲೆ ಶಾಲೆಯನ್ನು ಶಿಕ್ಷಿಸುವ ಪದ್ಧತಿಯನ್ನು ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿದ್ದು ಅಮೆರಿಕ. 2002ರ ಜನವರಿಯಲ್ಲಿ ಸಹಿಯಾದ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾಯ್ದೆ, ವರ್ಷವರ್ಷದ ಗುರಿಯನ್ನು ಸತತವಾಗಿ ತಪ್ಪಿದ ಶಾಲೆಗಳ ಮೇಲೆ ಹಂತಹಂತವಾಗಿ ಕ್ರಮ ಜರುಗಿಸಿ ಕೊನೆಗೆ ಪುನಾರಚನೆಗೆ ಒಳಪಡಿಸುತ್ತಿತ್ತು. 2015ರಲ್ಲಿ ಬೇರೊಂದು ಕಾಯ್ದೆ ಅದರ ಜಾಗಕ್ಕೆ ಬಂತು. ಶಿಕಾಗೊ ನಗರದಲ್ಲಿ 2001ರಿಂದ 2006ರವರೆಗೆ ಕಡಿಮೆ ಸಾಧನೆ ಅಥವಾ ಕಡಿಮೆ ದಾಖಲಾತಿಯ ಕಾರಣಕ್ಕೆ ಮುಚ್ಚಿದ 18 ಶಾಲೆಗಳ ಮಕ್ಕಳನ್ನು ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು ಹಿಂಬಾಲಿಸಿ 2009ರಲ್ಲಿ ವರದಿ ಕೊಟ್ಟರು. ಬಹುಪಾಲು ಮಕ್ಕಳು ಸೇರಿದ್ದು ಅಷ್ಟೇ ದುರ್ಬಲವಾದ ಇನ್ನೊಂದು ಶಾಲೆಯನ್ನು. ಕಲಿಕೆಗೆ ಹೆಚ್ಚಿನ ಪೆಟ್ಟು ಬಿದ್ದದ್ದು ಶಾಲೆ ಮುಚ್ಚುವ ಘೋಷಣೆಯಾದ ವರ್ಷದಲ್ಲಿ. ನಿಜಕ್ಕೂ ಬಲವಾದ ಶಾಲೆಗೆ ಹೋದ ಕೆಲವರು ಮಾತ್ರ ಮೇಲೆದ್ದರು. ಭೀಮಾತೀರದ ತಾಂಡಾಕ್ಕೂ ಶಿಕಾಗೊಗೂ ಯಾವ ಹೋಲಿಕೆಯೂ ಇಲ್ಲ, ಆದರೆ ಘೋಷಣೆಯ ವರ್ಷದ ಪೆಟ್ಟು ಎಂಬ ಮಾತನ್ನು ಓದಿದಾಗ ನನಗೆ ಪಗಾರವಿಲ್ಲದ ಆ ಚಳಿಗಾಲ, ಬಾಗಿಲ ಬಳಿ ಖಾಲಿ ಬಿದ್ದಿದ್ದ ಎಂಟನೆಯ ತರಗತಿಯ ಬೆಂಚುಗಳು ನೆನಪಾದವು.

ಇಲಾಖೆಯ ಮಾತಿನಲ್ಲೂ ಹುರುಳಿದೆ. ಸಾರ್ವಜನಿಕ ಹಣದಲ್ಲಿ ನಡೆಯುವ ಶಾಲೆ ಉತ್ತರದಾಯಿಯಾಗಿರಬೇಕು. ಹಾಜರಿಯಲ್ಲಿ ಮಕ್ಕಳಿದ್ದು ಕೋಣೆಯಲ್ಲಿ ಇಲ್ಲದ, ಅನುದಾನಕ್ಕಾಗಿಯೇ ಉಳಿದ ಶಾಲೆಗಳೂ ಇವೆ. ಅಂಥವುಗಳಲ್ಲಿ ಮಕ್ಕಳ ವರ್ಷಗಳು ವ್ಯರ್ಥವಾಗುತ್ತವೆ, ಅವುಗಳನ್ನು ಮುಚ್ಚುವುದು ಮಕ್ಕಳಿಗೆ ಉಪಕಾರವೇ. ನನ್ನ ತಕರಾರು ಅಳೆಯುವುದರ ಬಗ್ಗೆ ಇಲ್ಲ, ಎಲ್ಲಿಂದ ಅಳೆಯುತ್ತೇವೆ ಎಂಬುದರ ಬಗ್ಗೆ ಇದೆ. ಪರೀಕ್ಷೆಗೆ ಕುಳಿತವರನ್ನು ಛೇದಕ್ಕೆ ಇಡುವ ಬದಲು ಎಂಟನೆಯ ತರಗತಿಗೆ ಸೇರಿದವರನ್ನು ಇಡಬೇಕು. ಆಗ ಟಿಸಿ ಕೊಟ್ಟು ಸಾಗಹಾಕುವ ಶಾಲೆಯ ಅಂಕಿ ತಾನಾಗಿ ಇಳಿಯುತ್ತದೆ, ಉಳಿಸಿಕೊಳ್ಳುವ ಶಾಲೆಯದು ಏರುತ್ತದೆ. ಮಕ್ಕಳ ಜಾಡು ಹಿಡಿಯುವ ಸ್ಯಾಟ್ಸ್ ವ್ಯವಸ್ಥೆಯಲ್ಲಿ ಪ್ರತಿ ಮಗುವಿಗೂ ಸಂಖ್ಯೆ ಇರುವುದರಿಂದ ಈ ಲೆಕ್ಕ ತೆಗೆಯುವುದು ಕಷ್ಟವಲ್ಲ. ವರ್ಷದ ಎಲ್ಲ ಪರೀಕ್ಷೆಗಳ ತೇರ್ಗಡೆಯನ್ನೂ ಕೂಡಿಸಬೇಕು. ಇಪ್ಪತ್ತೈದಕ್ಕಿಂತ ಕಡಿಮೆ ಮಕ್ಕಳು ಕೂರುವ ಶಾಲೆಗೆ ಒಂದು ವರ್ಷದ ಅಂಕಿಯ ಬದಲು ಮೂರು ನಾಲ್ಕು ವರ್ಷದ ಮಕ್ಕಳನ್ನು ಒಟ್ಟುಗೂಡಿಸಿ ನೋಡಬೇಕು. ಹುದ್ದೆ ಖಾಲಿ ಇಟ್ಟವರು ಆ ವಿಷಯದ ಫಲಿತಾಂಶಕ್ಕೆ ನೋಟಿಸು ಕಳಿಸುವ ಮೊದಲು ಶಿಕ್ಷಕರನ್ನು ಕಳಿಸಬೇಕು. ಈ ಪ್ರಕರಣದಲ್ಲಿ ಒಬ್ಬ ಗಣಿತ ಶಿಕ್ಷಕರ ಪಗಾರ ಉಳಿಸಲು ಹೋಗಿ, ಆರು ಶಿಕ್ಷಕರನ್ನು ಹೆಚ್ಚುವರಿ ಎಂದು ಬರೆದುಕೊಳ್ಳಬೇಕಾಯಿತು.

ಮುಚ್ಚಲೇಬೇಕಾದ ಸಂದರ್ಭ ಬಂದರೆ, ಕೊನೆಯ ಮಗು ಇನ್ನೊಂದು ಶಾಲೆಯ ಹಾಜರಿಯಲ್ಲಿ ಒಂದು ತಿಂಗಳು ಪೂರ್ತಿ ಕಾಣುವವರೆಗೆ ಹಳೆಯ ಮುಖ್ಯೋಪಾಧ್ಯಾಯರನ್ನು ಆ ಕೆಲಸಕ್ಕೇ ಇಟ್ಟುಕೊಳ್ಳಬೇಕು. ಇಲ್ಲಿ ಟಿಸಿ ಕೊಟ್ಟ ದಿನವೇ ಜವಾಬ್ದಾರಿ ಮುಗಿಯಿತು. ಬಸ್ಸಿನ ಸಮಯವನ್ನು ನಲವತ್ತು ನಿಮಿಷ ಮುಂದೂಡುವ ಅರ್ಜಿಯನ್ನು ಊರವರು ಡಿಪೊಗೆ ಕೊಟ್ಟದ್ದು ಶಾಲೆ ಮುಚ್ಚಿ ಎರಡು ತಿಂಗಳ ಮೇಲೆ.

ಸೆಪ್ಟೆಂಬರಿನಲ್ಲಿ ಮುಖ್ಯೋಪಾಧ್ಯಾಯರು, ಜೀವಶಾಸ್ತ್ರದ ಶಿಕ್ಷಕಿ ಮತ್ತು ನಾನು, ಹಳೆಯ ಹಾಜರಿ ಪುಸ್ತಕದಿಂದ ಇಳಿಸಿಕೊಂಡ ಒಂಬತ್ತು ಹೆಸರಿನ ಚೀಟಿ ಹಿಡಿದು ಒಂದು ಭಾನುವಾರವೆಲ್ಲ ಮನೆಮನೆಗೆ ಹೋದೆವು. ಇಬ್ಬರು ಹುಡುಗಿಯರಿಗೆ ತಾಲ್ಲೂಕು ಕೇಂದ್ರದ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತು, ಒಬ್ಬ ಹುಡುಗ ಅಣ್ಣನ ಹಳೆಯ ಸೈಕಲ್ ರಿಪೇರಿ ಮಾಡಿಸಿಕೊಂಡು ಸರ್ಕಾರಿ ಶಾಲೆಗೆ ಹೋಗತೊಡಗಿದ. ಒಬ್ಬಳ ಮನೆಗೆ ಬೀಗ ಹಾಕಿತ್ತು, ಗೋವೆಗೆ ಹೋಗಿದ್ದಾರೆಂದು ಪಕ್ಕದವರು ಹೇಳಿದರು. ಉಳಿದ ಐವರ ಮನೆಯವರು ವಿಚಾರ ಮಾಡಿ ಹೇಳುತ್ತೇವೆ ಎಂದಿದ್ದಾರೆ. ಮುಕಾದಮರು ಆಗಲೇ ಮುಂಗಡ ಹಂಚಲು ಸುರುಮಾಡಿದ್ದರು. ದೀಪಾವಳಿ ಮುಗಿದು ಗ್ಯಾಂಗು ಹೊರಡುವ ಮೊದಲು ಆ ಐದು ಮನೆಗಳಿಗೆ ಇನ್ನೊಮ್ಮೆ ಹೋಗುವುದಿದೆ.